ಅರ್ಧ ಉಣ್ಣೆ ತೆಗೆದ ಗುಡ್ಡ

ಹಲೋ... ಹಲೋ, ಯಾರ್ರಿ ಮಾತಾಡೋದು? ಚಳ್ಳಕೆರೆ ಬಂಗ್ಲೆನಾ? ಓವರ್ಸಿಯರ್ ಶಿವಮೂರ್ತಪ್ಪನೋರಾ? ನಾನು ಸ್ವಾಮಿ, ಚಿಕ್ಕೀರಪ್ಪ. ಸಿದ್ದಾಪುರದ ಸರ್ವೆ ಡೇರೆಯಿಂದ. ನಿಮ್ಮ ಟೆಲಿಫೋನ್ ತಂತಿ ಕಾಯೋನು.

...

ಹಾಂ, ನಿನ್ನೆ ಅತ್ಕಂಡು ಮಾತಾಡಿದೋನೇ. ಸ್ವಾಮಿ, ಗುಡ್ಡ ಸಿಡಿಸೋ ಮದ್ದಿಗೆ ಬೆಂಕಿ ಹಚ್ಚಬ್ಯಾಡ ಅಂತ ಹೇಳ್ರಿ. ಈಗ್ಲೇ ಹೇಳ್ರಿ. ನಮ್ಮಕ್ಕ ಬದುಕವ್ಳೆ!

...

ಕರಿಯಕ್ಕ ರೀ, ನಮ್ಮಕ್ಕ. ಮೂರು ವಾರದ ಹಿಂದೆ ಆಕಾಶದಿಂದ ಇಳೀತಲ್ಲ ಆ ಗುಡ್ಡ, ಅದರ ಮ್ಯಾಲವ್ಳೆ. ನಿನ್ನೆ ಹತ್ತಿದ್ಲು, ಆ ಹಸಿರು ಕೂದ್ಲು ಅವಳ ತಲೆ ಮ್ಯಾಲೆ ಮುಚ್ಕಂತು. ನುಂಗೇಬಿಡ್ತು ಅಂತ ನಿಮಗೆ ಹೇಳ್ದೆ. ನುಂಗಿಲ್ಲ ಸ್ವಾಮಿ. ತಪ್ಪು ನಂದೇ.

...

ಕುಡಿದಿಲ್ಲ! ಜಟಿಂಗರಾಮನ ಆಣೆ, ಬೆಳಗಿಂದ ಅಂಬಲಿನೂ ಕುಡಿದಿಲ್ಲ.

...

ಏನ್ ಮಾಡ್ತಾ ಅವ್ಳೆ ಅಂದ್ರೆ... ನಗಬ್ಯಾಡ್ರಿ. ಉಣ್ಣೆ ಕತ್ತರಿಸ್ತಾ ಅವ್ಳೆ. ಹಾಂ, ಗುಡ್ಡದ್ದೇ. ಕುರಿ ಕತ್ರಿ ತಗಂಡೇ ಹತ್ತಿದ್ಲು. ಅದರ ಮೈ ತುಂಬ ಆಳುದ್ದ ಕೂದ್ಲು ಐತಲ್ಲ, ಬಿಸಿಲಿಗೆ ಏದುಸಿರು ಬಿಡ್ತಿತ್ತಂತೆ. ಕಂಡೋರ ಕುರಿ ಆದ್ರೂ ಸರಿ, ಉಣ್ಣೆ ಜಡೆಗಟ್ಟಿದ್ರೆ ಇವಳ ಕೈ ಸುಮ್ನಿರಲ್ಲ.

...

ಹತ್ರಕ್ಕೇ ಹೋಗಿ ಕಣ್ಣಾರೆ ಕಂಡೆ ರೀ, ಕೂಗಿದ್ರೆ ಓಗೊಟ್ಲು. ಈ ಕಡೆ ಮಗ್ಗುಲು ಪೂರಾ ಬೋಳು ಮಾಡವ್ಳೆ. ಒಳಗೆ ಚರ್ಮ ಕಾಣ್ತೈತೆ, ಎಳೆಗರುವಿನ ಚರ್ಮ ಇದ್ದಂಗೆ. ಅದರ ಮ್ಯಾಲೆ ಸಣ್ಣ ಹಳ್ಳ ಹರೀತವೆ. ಹಳ್ಳದ ದಂಡೇಲಿ ಬೆರಳುದ್ದ, ಕಾಲಿಲ್ದವು, ಎಂತೆಂಥವೋ ಓಡಾಡ್ತವೆ. ಗುಡ್ಡ ಉಸಿರು ಬಿಟ್ರೆ ಅವೂ ಬಿಡ್ತವೆ. ಊರಿಗೂರೇ ಅದರ ಮೈಮ್ಯಾಲೈತೆ. ನಮ್ಮದಲ್ದ ಲೋಕ ಸ್ವಾಮಿ. ನನಗೂ ಭಯ ಆಗ್ತೈತೆ, ಸುಳ್ಳು ಯಾಕೆ ಹೇಳ್ಲಿ.

...

ಬೆಳಿಗ್ಗೆ ಭೂಮಿ ನಡುಗಿದ್ದಾ? ಚಳ್ಳಕೆರೆಗೂ ಗೊತ್ತಾಯ್ತಾ? ಅದು ನಮ್ಮ ಮ್ಯಾಲೆ ಬೀಳೋಕಲ್ಲ ರೀ. ಅಕ್ಕ ಕತ್ರಿ ಮಸೆಯೋಕೆ ಕೂತ್ಲು, ಅದಕ್ಕೆ. ಅರ್ಧ ಕತ್ತರಿಸಿ ಬಿಟ್ಟ ಕುರಿ ಸುಮ್ನೆ ನಿಲ್ತದಾ? ಇನ್ನೊಂದು ಮಗ್ಗುಲು ಯಾವಾಗ ಅಂತ ಒದ್ದಾಡ್ತದೆ. ನೀವು ಕುರಿ ಸಾಕಿದೋರಲ್ಲ, ನಿಮಗೆ ಹೆಂಗ್ ತಿಳೀಬೇಕು... ತಪ್ಪಾಯ್ತು, ತಪ್ಪಾಯ್ತು, ಅಡ್ಡ ಬಿದ್ದೆ.

...

ನಿಮ್ಮ ಬಂಡೆ ಸಿಡಿಸೋ ಜಂಪಣ್ಣ ನನ್ ಮಾತು ಕೇಳಲ್ಲ! ಗುಡ್ಡದ ಬುಡಕ್ಕೆ ಮದ್ದು ತುಂಬಿ, ಪಂಜು ಹಿಡ್ಕಂಡು ನಿಂತವ್ನೆ. ನಡು ಮಧ್ಯಾಹ್ನ ನೆರಳು ಕಾಲಡಿಗೆ ಬಂದ ಕೂಡ್ಲೇ ಬತ್ತಿ ಹಚ್ಚೋದು, ಡೇರೆಯಿಂದ ಕಂಬಳಿ ಬೀಸಿದ್ರೆ ಮಾತ್ರ ನಿಲ್ಸೋದು ಅಂತ ನೀವೇ ಹೇಳೀರಂತೆ. ಕಂಬಳಿ ನನ್ ಹೆಗಲ ಮ್ಯಾಲೇ ಐತೆ. ನೀವು ಹೂಂ ಅಂದ್ರೆ ಸಾಕು.

...

ದುರ್ಗದ ಕಚೇರಿಗೆ ಬರೀಬೇಕಾ? ದೊರೆ ಅಪ್ಪಣೆನಾ? ಅಲ್ರೀ, ನೆರಳು ಇನ್ನು ನಾಕು ಬೆರಳು ಐತೆ! ಊರು ಕೊಳ್ಳೆ ಹೊಡೆದ ಮ್ಯಾಲೆ ಕೋಟೆ ಬಾಗಿಲು ಹಾಕಿದ್ರಂತೆ, ಹಂಗಾಯ್ತು ನಿಮ್ಮ ಕತೆ.

...

ಇಲ್ಲಾ?... ಆಗಲ್ಲಾ ಅಂದ್ರಾ?

...

ಸ್ವಾಮಿ, ನಮ್ಮವ್ವ ಸತ್ತಾಗ ನನಗಿನ್ನೂ ನಡೆಯೋಕೆ ಬರ್ತಿರ್ಲಿಲ್ಲ. ಎತ್ತಿ ಬೆಳೆಸಿದೋಳು ಅವಳು. ನಿನ್ನೆ ಸತ್ಲು ಅಂತ ಒಂದ್ಸಲ ಅತ್ತಾಯ್ತು, ಎರಡ್ನೇ ಸಲ ಅಳೋಕೆ ನನ್ ಕೈಲಾಗಲ್ಲ. ನಿಮ್ ಚಾಕರಿ ನೀವೇ ಇಟ್ಕಳ್ರಿ. ನಾನು ಬೀಸ್ತೀನಿ.

...

ಜಂಪಣ್ಣೋ! ಲೇ ಜಂಪಣ್ಣಾ! ಇಲ್ನೋಡ್ಲಾ! ಕಂಬಳಿ! ಕಂಬಳಿ ನೋಡ್ಲಾ!

...

ಹಾಂ? ಇದೀನಿ ಸ್ವಾಮಿ. ಬೈರಿ, ಬೈರಿ. ಅವ್ನು ಪಂಜು ಮಣ್ಣಿಗೆ ಒತ್ತಿದ. ಆರಿಸ್ದ, ಆರಿಸೇಬಿಟ್ಟ!... ಅಕ್ಕ ಕತ್ರಿ ಸೊಂಟಕ್ಕೆ ಸಿಗಿಸ್ಕಂಡ್ಲು. ಎದ್ದು ನಿಂತವ್ಳೆ. ಯಾಕೆ ಅದರ ಬೆನ್ನು ತಟ್ತಾ ಅವ್ಳೆ?... ಅಯ್ಯಯ್ಯೋ. ನಮ್ ಟಗರಿಗೂ ಹಿಂಗೇ ತಟ್ಟೋದು ರೀ ಅವಳು... ಮಗ್ಗುಲು ತಿರುಗು ಅಂತ.

...

ಸ್ವಾಮಿ, ಈ ತಂತಿ ಗೂಟ ಆ ಗುಡ್ಡದ ಹೆಗಲಿಗೇ ಅಲ್ವಾ ಹೊಡೆಸಿರೋದು ನೀವು?

...

ಹಂಗಾದ್ರೆ ಬ್ಯಾಗ ಕೇಳ್ಕಳ್ರಿ. ಅದು ತಿರುಗ್ತಾ ಐತೆ. ನಿಧಾನಕ್ಕೆ, ಅವಳು ಬೀಳ್ದಂಗೆ. ಹೆಜ್ಜೆ ಹಾಕ್ಕಂತ ಅವಳೂ ಅದರ ಜೊತೆಗೇ ಬರ್ತಾ ಅವ್ಳೆ... ನಗ್ತಾ ಅವ್ಳೆ ಸ್ವಾಮಿ!... ತಂತಿ ಬಿಗೀತೈತೆ... ಇನ್ನೊಂದು ಕತ್ರಿ ತಗಂಡು ಬಾರ್ಲಾ ಅಂತ ಕೂಗ್ತಾ ಅವ್ಳೆ, ನಾನು ಹೋಗ್...