ಬೂಟು ಬಿಚ್ಚದ ಅಳಿಯ

ಬ್ಯಾಡ ಮಾವ, ತಂಬಿಗೆ ಅಲ್ಲೇ ಇಡ್ರಿ, ಆಮೇಲೆ ತೊಳ್ಕಂತೀನಿ. ಈಗ್ತಾನೆ ಕುಂತಿದೀನಿ... ನಿಮ್ಮ ಮನೆ ಪದ್ಧತಿ ನಂಗೆ ಗೊತ್ತಿಲ್ವಾ? ಬಂದೋರು ಕಾಲು ತೊಳ್ಕಂಡೇ ಹೊಸಲು ದಾಟಬೇಕು. ಅದ್ಕೇ ನಾನು ಒಳಗೆ ಬರದೆ ಜಗಲಿ ಮೇಲೇ ಕುಂತಿರೋದು. ಜಗಲಿ ಅಂದ್ರೆ ಹೊರಗಿನ ಲೆಕ್ಕ. ಹೊರಗೆ ಬೂಟು ನಡೀತೈತೆ. ಅಲ್ವಾ?

ಯಾಕೆ ಬೂಟನ್ನೇ ನೋಡ್ತಿದೀರ? ಮಿಲಿಟರಿ ಬೂಟು ಮಾವ. ಬಿಚ್ಚೋಕೇ ಒಂದು ಗಳಿಗೆ ಬೇಕು, ಯಾಕಂದ್ರೆ ತೂತು ಜಾಸ್ತಿ, ದಾರ ಉದ್ದ. ತಿರುಗಿ ಹಾಕ್ಕಳೋಕೆ ಇನ್ನೂ ಎರಡು ಗಳಿಗೆ. ಅಷ್ಟು ಕಷ್ಟ ಯಾಕೆ ಅಂತ...

ಹ್ಞೂ, ರಾಮಗಿರಿ ಟೇಷನ್ನಿಂದ ನಡ್ಕಂಡೇ ಬಂದೆ. ಮೂರು ಮೈಲಿ. ನಮ್ಮೂರು ಮದಕರಿಪುರಕ್ಕೆ ನಾಳೆ ಹೋಗ್ತೀನಿ, ಅವ್ವಂಗೆ ಕಾಗದ ಹಾಕಿದೀನಿ. ಮೊದಲು ಇಲ್ಲಿಗೇ ಬಂದೆ, ಯಾಕಂದ್ರೆ... ಯಾಕಂದ್ರೆ ಟೇಷನ್ನು ಹತ್ರ. ಮಲ್ಲಕ್ಕನ್ನ ನೋಡೋಕೆ ಅಂತ ಅಲ್ಲ! ವೀಳ್ಯ ಕೊಟ್ಟಾಗಿರೋ ಹುಡುಗಿನ ಹಂಗೆಲ್ಲ ಬಂದು ನೋಡಬಾರದು ಅಂತ ನಂಗೂ ಗೊತ್ತು. ...ನಗಬ್ಯಾಡ್ರಿ ಮಾವ.

ಏನಂದ? ಚಿತ್ರಲಿಂಗಪ್ಪ ಏನಂದ? ಕುಂಟ್ಕಂಡು ಬರ್ತಾವ್ನೆ ಅಂದ್ನಾ? ಅವನ ಬಾಯಿಗಿಷ್ಟು! ಸೈಕಲ್ ಮೇಲೆ ಹೋಗ್ತಾ ಒಂದ್ಸಲ ತಿರುಗಿ ನೋಡಿದ, ಅಷ್ಟೇ. ಟ್ರಂಕು ಎಡಗೈಲಿ ಇತ್ತು ಮಾವ, ಅದ್ಕೆ ಎಡಕ್ಕೆ ವಾಲ್ತಿದ್ದೆ. ಬಲಗೈಲಿ ಇದ್ದಿದ್ರೆ ಬಲಕ್ಕೆ ವಾಲ್ತಿದ್ದೆ. ತಕ್ಕಡಿ ಇದ್ದಂಗೆ. ಸರಿ ತಾನೆ?

ರಜಾನೇ, ಮತ್ತಿನ್ನೇನು! ಉದ್ದ ರಜಾ. ಅದ್ಕೇ ಟ್ರಂಕು ಸಮೇತ ಬಂದಿದೀನಿ.

ಚಳಿನಾ? ಕೇಳಬ್ಯಾಡ್ರಿ! ನಮ್ಮ ದುರ್ಗದ ಕಡೆ ಸಂಕ್ರಾಂತಿ ಚಳಿಗೆ ಗಡಗಡ ಅಂತೀವಲ್ಲ, ಲಡಾಖಿನೋರು ಅದನ್ನ ಬ್ಯಾಸಿಗೆ ಅಂತಾರೆ. ಉಗುಳಿದ್ರೆ ನೆಲ ಮುಟ್ಟೋದ್ರೊಳಗೆ ಕಲ್ಲು! ಕೊಬ್ಬರಿ ಎಣ್ಣೇನ ಚಾಕೂಲಿ ಕೆತ್ತಿ ತಲೆಗೆ ಇಟ್ಕಂಬೇಕು. ಮೊಟ್ಟೆ ಒಡೆಯೋಕೆ ಸುತ್ತಿಗೆ. ನಮ್ಮ ಭರಮಸಾಗರದ ಶಿವಕುಮಾರಪ್ಪ ಅಂತ ಒಬ್ಬ ಇದ್ದ, ನನ್ನ ಪಕ್ಕದ ಮಂಚದೋನು, ಭಾರೀ ಮೀಸೆ ಅವಂದು. ಕಾವಲು ಪಾರಾ ಮುಗಿಸಿ ಬಂದೋನು ಉಸಿರೆಲ್ಲ ಮೀಸೆ ಮೇಲೆ ಗಟ್ಟಿಯಾಗಿದ್ದು ಮರೆತು, ಗತ್ತಲ್ಲಿ ಹಿಂಗೆ ತಿರುವಿದ ನೋಡ್ರಿ... ಟಣ್! ಅರ್ಧ ಮೀಸೆ ಕೈಗೆ ಬಂತು!

ಸುಳ್ಳಾ? ಸರಿ, ಅರ್ಧ ಅಲ್ಲ. ಒಂದು ನಾಕು ಕೂದಲು. ಆದ್ರೆ ಅವನು ಅತ್ತಿದ್ದು ಪೂರ್ತಿ ಮೀಸೆಗೇ.

...ಕಂಬಳಿನಾ? ಯಾವ ಕಂಬಳಿ? ಓ, ನೀವು ನೇಯ್ದು ಕೊಟ್ಟಿದ್ದು! ಐತೆ, ಐತೆ. ಟ್ರಂಕಲ್ಲಿ, ತಳದಲ್ಲಿ ಐತೆ. ಎಂಥ ಕಂಬಳಿ ಮಾವ ಅದು! ಹುಣಸೆ ಬೀಜದ ಗಂಜಿ ಕುಡಿಸಿ ಎಷ್ಟು ಗಟ್ಟಿ ಮಾಡಿದ್ರಿ! ಸುಬೇದಾರ್ರೇ ಮುಟ್ಟಿ ನೋಡಿದ್ರು. ನೀವು ಅವತ್ತು ಹೇಳಿದ್ರಲ್ಲ, 'ಸಣ್ಣಪ್ಪ, ನೆಂದ್ರೂ ಬೆಚ್ಚಗಿಡೋದು ಉಣ್ಣೆ ಒಂದೇ' ಅಂತ. ನೂರಕ್ಕೆ ನೂರು ನಿಜ. ಜಡಿಮಳೇಲಿ ಕುರಿ ಹಿಂದೆ ಹೋಗೋವಾಗ ತಲೆಗೆ ಕಂಬಳಿ ಕೊಪ್ಪೆ, ಕಾಲಿಗೆ ಹಳೇ ಕಂಬಳಿ ತುಂಡು. ನೆಂದು ತೊಪ್ಪೆ ಆದ್ರೂ ಒಳಗೆ ಬೆಚ್ಚಗೆ. ಅಲ್ಲೂ ಅಷ್ಟೇ... ಅಲ್ಲೂ ಭಾರೀ ಉಪಯೋಗಕ್ಕೆ ಬಂತು.

ಏ, ಟ್ರಂಕು ಯಾಕೆ ತೆಗೀತೀರ? ಬಟ್ಟೆ ಎಲ್ಲಾ ಮಾಸಿದ್ದು... ತಗೀರಿ, ತಗೀರಿ, ಬೀಗ ಇಲ್ಲ.

ಹ್ಞೂ, ಅದೇ. ಹಂಗೇ ಐತಲ್ಲ? ಅಂಚಾ? ಅಂಚು... ಒಂದು ಗೇಣು ಕಮ್ಮಿ ಐತಾ? ನಿಮ್ಮ ಕೈಯಪ್ಪ! ಕಣ್ಮುಚ್ಚಿ ಅಳೀತೀರ. ಇಲಿ ತಿಂತು ಮಾವ. ಅಲ್ಲಿ ಇಲಿ ಜಾಸ್ತಿ. ಪಾಪ, ಅವಕ್ಕೂ ಚಳಿ.

ಇಲಿ ಇಷ್ಟು ನೆಟ್ಟಗೆ ಕತ್ತರಿಸಲ್ಲ ಅಂತೀರಾ? ಮಿಲಿಟರಿ ಇಲಿ ಮಾವ!

...ನಗ್ರಿ. ಇದಕ್ಕೆ ನಗಬೇಕು ನೀವು.

...

ಮಾವ. ಕಂಬಳಿ ಬೂಟು, ಕಂಬಳಿ ಬೂಟು ಅಂತ ಹಿಂಗೆ ತಿರುಗಿ ತಿರುಗಿ ನೋಡಿದ್ರೆ ನಾನೇನು ಹೇಳ್ಲಿ? ...ಸರಿ. ಹೇಳ್ತೀನಿ. ನಡುವೆ ಬಾಯಿ ಹಾಕಬ್ಯಾಡ್ರಿ... ನೀವೆಲ್ಲಿ ಹಾಕ್ತಿದೀರ, ನಾನೇ ಒದರ್ತಿದೀನಿ.

ಅವತ್ತು ಪಾರಾ ನಂದು. ಕಾಲುಚೀಲ ನೆಂದಿತ್ತು. ಒಣಗಿದ್ದು ಹಾಕ್ಕೋ ಅಂತ ಕೊಟ್ರು. ನಾನು ಒಳಗೊಳಗೇ ನಕ್ಕೆ, ಇವರಿಗೇನು ಗೊತ್ತು, ನಾನು ಕುರಿಗಾರ, ಉಣ್ಣೆ ನನ್ನನ್ನ ಕೇಳ್ರಿ ಅಂತ. ಕಂಬಳಿ ಅಂಚು ಒಂದು ಗೇಣು ಕತ್ತರಿಸಿ, ಎರಡು ತುಂಡು ಮಾಡಿ ಕಾಲಿಗೆ ಸುತ್ತಿದೆ. ಮೇಲೆ ಬೂಟು. ಎಡಬೂಟಿನೊಳಗೆ ಹಿಮ ಹೊಕ್ಕು ನೆನೀತು. ನೆನೀಲಿ ಬಿಡು, ನೆಂದ್ರೂ ಬೆಚ್ಚಗಿರ್ತೈತೆ ಅಂದ್ಕಂಡೆ. ಮಳೆ ಲೆಕ್ಕಾನ ಹಿಮಕ್ಕೆ ಹಾಕಿದೆ ಮಾವ! ಪಾರಾ ಮುಗಿಸಿ ಬಿಚ್ಚೋಕೆ ಹೋದ್ರೆ ಆ ತುಂಡು ಹಲಗೆ. ನಿಮ್ಮ ಮಗ್ಗದ ಹಲಗೆ ಇದ್ದಂಗೆ, ಬಡಿದ್ರೆ ಸದ್ದು.

ಮೂರು ಬೆರಳು ಕತ್ತರಿಸಿದ್ರು. ಎಡಗಾಲಿಂದು. ಹೆಬ್ಬೆರಳು ಐತೆ ಮಾವ! ಮುಖ್ಯವಾದ್ದೇ ಅದು, ಅದು ಐತೆ.

ಅಳಬ್ಯಾಡ್ರಿ. ಇದ್ಕೇ ನಾನು ಹೇಳದೇ ಇದ್ದಿದ್ದು. ತಪ್ಪು ಕಂಬಳಿದಲ್ಲ. ನಮ್ಮ ಮಳೆಗೆ ನೇಯ್ದ ಕಂಬಳಿ, ಅದಕ್ಕೇನು ಗೊತ್ತು ಲಡಾಖು? ನಾಳೆಯಿಂದ ಮಗ್ಗದ ಮುಂದೆ ಕುಂತಾಗೆಲ್ಲ ನನ್ನ ಕಾಲು ನೆನಸ್ಕಂಡು ನೀವು ಕೈ ನಿಲ್ಲಿಸಿಬಿಟ್ರೆ ಅಂತ...

ಅದೊಂದೇ ಅಲ್ಲ. ಇನ್ನೊಂದೂ ಐತೆ, ಹೇಳೇಬಿಡ್ತೀನಿ. ವೀಳ್ಯದ ದಿನ ಕುಲದೋರ ಎದುರಿಗೆ ನೀವೇನಂದ್ರಿ? 'ಮಿಲಿಟರಿ ನೌಕರಿ ನೋಡಿ ಅಲ್ಲ, ದಿನಕ್ಕೆ ಹತ್ತು ಮೈಲಿ ಕುರಿ ಹಿಂದೆ ನಡೆಯೋ ಕಾಲು ನೋಡಿ ಮಗಳನ್ನ ಕೊಡ್ತಿದೀನಿ.' ಆ ಕಾಲು ಈಗ ಮೂರು ಮೈಲಿಗೆ ನಾಕು ಸಲ ಕುಂತು ಬಂದೈತೆ. ನೌಕರಿನೂ ಇಲ್ಲ. ಉದ್ದ ರಜಾ ಅಂದ್ನಲ್ಲ... ವಾಪಸ್ ಹೋಗೋ ಅಷ್ಟು ಗಿಡ್ಡ ಅಲ್ಲ ಅದು.

ಮಾತು ಹಿಂದಕ್ಕೆ ತಗಳ್ರಿ ಮಾವ. ನಂಗೇನೂ ಬೇಜಾರಿಲ್ಲ. ...ಐತೆ. ಭಾಳ ಐತೆ. ಆದ್ರೂ ತಗಳ್ರಿ.

ಬಯ್ರಿ ಬೇಕಾದ್ರೆ!

...ಏ, ಏ! ಏನು ಮಾಡ್ತಿದೀರ? ದಾರ ಬಿಡ್ರಿ! ಹಿರಿಯರು ನೀವು, ನನ್ನ ಕಾಲು ಮುಟ್ಟಬಾರದು! ಮಲ್ಲೀ, ನಿಮ್ಮಪ್ಪನ್ನ ಸ್ವಲ್ಪ ಹಿಡ್ಕ... ಓಹೋ, ಬಾಗಿಲ ಹಿಂದೇ ಇದ್ಯಾ? ಎಲ್ಲಾ ಕೇಳಿಸ್ಕಂಡ್ಯಾ? ಮತ್ತೆ ಆ ಬಿಸಿನೀರು ಯಾಕೆ ತಂದೆ? ನೀನೂ ಅಪ್ಪನ ಪಾರ್ಟಿನಾ?

ಮಾವ, ಬ್ಯಾಡ್ರಿ, ಕೈ ಮುಗೀತೀನಿ. ನಾನೇ ತೊಳ್ಕಂತೀನಿ. ಮಾವ ಆದೋನು ಅಳಿಯನ ಕಾಲು ತೊಳೆಯೋದು ಒಂದೇ ದಿನ, ಧಾರೆ ಎರೆಯೋ ದಿನ. ಅದು ಬಿಟ್ಟು ಯಾರಾದ್ರೂ ತೊಳೀತಾರಾ? ನೋಡಿದೋರು ಏನಂತಾರೆ? ಮದುವೆ ಗ್ಯಾರಂಟಿ ಅಂತಾರೆ...

...ಮಾವ?

...

ಓ.

...ನೀರು ಬೆಚ್ಚಗೈತೆ ಮಾವ. ಹಿತವಾಗೈತೆ. ನಾನು ಇನ್ನು ಮಾತಾಡಲ್ಲ. ಹ್ಹಿಹ್ಹಿ... ಅಯ್ಯೋ, ಅಲ್ಲಿ ಬ್ಯಾಡ, ಕಚಗುಳಿ! ಅಲ್ಲ ಅಲ್ಲ, ಅಲ್ಲೇ ಆ ಸಂದೀಲಿ... ತಮಾಷೆ ನೋಡ್ರಿ ಮಾವ, ಇರೋ ಎರಡು ಸುಮ್ನೆ ಅವೆ, ಇಲ್ಲದೇ ಇರೋ ಮೂರು ಬೆರಳಿಗೇ ಕಚಗುಳಿ ಆಗ್ತೈತೆ!