ಬಿಲ್ಲೆಯೋ ಬೆಸುಗೆಯೋ

ಸನ್ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಇವತ್ತು ಅಂಗಡಿಗೆ ಬೀಗ ಹಾಕಿ ಬಂದಿರುವ ನನ್ನ ವೃತ್ತಿಬಾಂಧವರೇ, ಅವರ ಮನೆಯವರೇ ಮತ್ತು ಎಲ್ಲ ಸಭಿಕರೇ,

ಅಧ್ಯಕ್ಷರ ಕಡೆ ನೋಡಬೇಕೆಂದರೆ ನಾನು ಇಡೀ ಮೈಯನ್ನೇ ತಿರುಗಿಸಬೇಕಾಗಿದೆ. ಇದು ಗೌರವ ಹೆಚ್ಚಾದದ್ದರಿಂದಲ್ಲ, ಕೊರಳಿಗೆ ಆಸ್ಪತ್ರೆಯವರ ಈ ಪಟ್ಟಿ ಬಿದ್ದಿರುವುದರಿಂದ. ದಯವಿಟ್ಟು ಕ್ಷಮಿಸಬೇಕು. ಕ್ಷೌರಿಕರ ಸಂಘದ ಈ ವಾರ್ಷಿಕೋತ್ಸವದಲ್ಲಿ ನನ್ನನ್ನು ಹಿರಿಯ ಕುಶಲಕರ್ಮಿ ಎಂದು ಕರೆದು ಸನ್ಮಾನಿಸಿದ್ದೀರಿ. ವೃತ್ತಿಯ ಬಗ್ಗೆ ನಾಲ್ಕು ಮಾತಾಡಿ ಎಂದಿದ್ದಾರೆ ಕಾರ್ಯದರ್ಶಿಗಳು. ಕುರ್ಚಿಯಲ್ಲಿ ಕೂತ ಗಿರಾಕಿ ಎದ್ದು ಓಡಲಾರ ಎಂಬ ಧೈರ್ಯದಲ್ಲಿ ಮಾತಾಡಿ ಅಭ್ಯಾಸವಾದವನು ನಾನು, ಮಾತು ಹೆಚ್ಚಾದರೆ ನೀವು ಕೆಮ್ಮಿಬಿಡಿ.

ನಮ್ಮದು ಎಂಥ ವೃತ್ತಿ? ಊರಿಗೇ ದೊಡ್ಡವರಾದವರೂ ನಮ್ಮ ಮುಂದೆ ತಲೆ ಬಗ್ಗಿಸುತ್ತಾರೆ. ನಿಜ. ಆದರೆ ಅವರು ಬಗ್ಗಿಸುವುದು ಒಂದು ಗಳಿಗೆ. ನಾವು? ಬೆಳಗ್ಗೆ ಶಟರ್ ಎತ್ತಿದಾಗ ಬಗ್ಗಿಸಿದ ತಲೆಯನ್ನು ಸಂಜೆ ಶಟರ್ ಎಳೆಯುವಾಗ ಎತ್ತುತ್ತೇವೆ. ಕಿವಿಯ ಹಿಂದಿನ ಕೂದಲು, ಗದ್ದದ ಕೆಳಗಿನ ಕುಳಿ, ಇವನ್ನೆಲ್ಲ ನೆಟ್ಟಗೆ ನಿಂತು ನೋಡಲು ಬರುತ್ತದೆಯೇ? ಸಂಜೆಗೆ ಕತ್ತು ಕಲ್ಲಾಗಿರುತ್ತದೆ. ಆಗ ನಾವೇನು ಮಾಡುತ್ತೇವೆ? ಇಲ್ಲಿರುವ ಎಲ್ಲರಿಗೂ ಗೊತ್ತು. ಒಬ್ಬ ಕುರ್ಚಿಯಲ್ಲಿ ಕೂರುತ್ತಾನೆ, ಇನ್ನೊಬ್ಬ ಅವನ ಗದ್ದ ಹಿಡಿದು ಎಡಕ್ಕೊಂದು, ಬಲಕ್ಕೊಂದು ನೆಟಿಗೆ ತೆಗೆಯುತ್ತಾನೆ. ಲಟಕ್ ಎಂದರೆ ಹಾಯೆನಿಸುತ್ತದೆ. ಗಿರಾಕಿಗೂ ಮಾಡುತ್ತೇವೆ, ನಾವೂ ಮಾಡಿಸಿಕೊಳ್ಳುತ್ತೇವೆ. ನಮ್ಮ ಅಂಗಡಿಯಲ್ಲಿ ನನಗೆ ನೆಟಿಗೆ ತೆಗೆಯುತ್ತಿದ್ದವನು ನನ್ನ ತಮ್ಮ. ಅಗೋ, ಮುಂದಿನ ಸಾಲಿನ ಕೊನೆಯ ಕುರ್ಚಿಯಲ್ಲಿ, ನನ್ನನ್ನು ಬಿಟ್ಟು ಎಲ್ಲರನ್ನೂ ನೋಡುತ್ತ ಕೂತಿದ್ದಾನೆ.

ಒಂದು ಸಂಜೆ ಅವನು ಬಲಕ್ಕೆ ತಿರುಗಿಸಿದ, ನನಗೆ ಹಾಯೆನಿಸಲಿಲ್ಲ. ಭುಜದಿಂದ ಹೆಬ್ಬೆರಳಿನವರೆಗೆ ಬೆಂಕಿ ಎಳೆದಂತಾಯಿತು. ಮರುದಿನ ಕೈಯಿಂದ ಕತ್ತಿ ಜಾರಿ ನೆಲಕ್ಕೆ ಬಿತ್ತು. ಗಿರಾಕಿಯ ಪುಣ್ಯ, ನೆಲಕ್ಕೆ ಬಿತ್ತು.

ಆಸ್ಪತ್ರೆಯ ಡಾಕ್ಟರಮ್ಮ, ನನ್ನ ಮಗಳ ವಯಸ್ಸಿನವರು, ಚಿತ್ರ ತೋರಿಸಿ ಬಿಡಿಸಿ ಹೇಳಿದರು. ಕತ್ತಿನ ಎರಡು ಮೂಳೆಗಳ ನಡುವಿನ ಬಿಲ್ಲೆ ಸವೆದು, ಜಾರಿ, ಕೈಗೆ ಹೋಗುವ ನರವನ್ನು ಒತ್ತುತ್ತಿದೆ. ಅದನ್ನು ತೆಗೆಯಲೇಬೇಕು. ತೆಗೆದ ಜಾಗದಲ್ಲಿ ಕೃತಕ ಬಿಲ್ಲೆ ಇಡಬಹುದು, ಆಗ ಆ ಜಾಗ ಮೊದಲಿನ ಹಾಗೆ ಆಡುತ್ತದೆ. ಇಲ್ಲವೇ ಎರಡು ಮೂಳೆಗಳನ್ನು ಬೆಸೆದುಬಿಡಬಹುದು, ಆ ಜಾಗ ಇನ್ನು ಆಡುವುದಿಲ್ಲ. ನಾನು ಹಿಂದೆಮುಂದೆ ನೋಡದೆ, ಬಿಲ್ಲೆಯೇ ಇರಲಿ ಎಂದೆ. ಅವರು ತಡೆದರು. "ನಿಮ್ಮ ಕತ್ತಿನ ಹಿಂದಿನ ಸಣ್ಣ ಕೀಲುಗಳೂ ಸವೆದಿವೆ ಯಜಮಾನ್ರೇ. ಬಿಲ್ಲೆ ಹಾಕಿದ್ರೆ ಕತ್ತೇನೋ ಆಡುತ್ತೆ, ಆದ್ರೆ ನೋವು ಹಾಗೇ ಉಳೀಬಹುದು. ಬೆಸೆದ್ರೆ ಅಕ್ಕಪಕ್ಕದ ಬಿಲ್ಲೆಗಳಿಗೆ ಭಾರ ಜಾಸ್ತಿ, ಅದೂ ನಿಜ. ಆದ್ರೂ ನಿಮಗೆ ನಾನು ಹೇಳೋದು ಬೆಸುಗೇನೇ. ಯೋಚ್ನೆ ಮಾಡಿ ಹೇಳಿ."

ಯೋಚನೆ ಮಾಡಿದೆ. ಗಿರಾಕಿಗಳನ್ನೂ ಕೇಳಿದೆ. ಸಲೂನಿನಲ್ಲಿ ಸಲಹೆಗೆ ಬರವೇ? ಬ್ಯಾಂಕಿನವರು ಬಿಲ್ಲೆ ಎಂದರು, ವೆಲ್ಡಿಂಗ್ ಅಂಗಡಿಯವರು ಬೆಸುಗೆ ಎಂದರು. ಮನೆಯಲ್ಲಿ ಮಾತ್ರ ನಾನು ಬಿಲ್ಲೆಯೇ ಬೇಕೆಂದು ಪಟ್ಟು ಹಿಡಿದೆ. ಕತ್ತು ಆಡದಿದ್ದರೆ ಕಸುಬು ನಡೆಯುವುದು ಹೇಗೆ ಎಂದೆ. ಬಟ್ಟೆ ಮಡಿಸುತ್ತಿದ್ದ ನನ್ನ ಹೆಂಡತಿ ಕೇಳಿದಳು: "ಒಂದು ಜಾಗ ಬೆಸೆದ್ರೂ ಉಳಿದ ಕತ್ತು ಆಡುತ್ತೆ ಅಂತ ಡಾಕ್ಟರಮ್ಮ ನನ್ನ ಮುಂದೇನೇ ಹೇಳಿದ್ರಲ್ಲ. ಯಾರ ಕಣ್ಣಿಗೆ ಚೆನ್ನಾಗಿ ಕಾಣ್ಬೇಕು ಅಂತ ಈ ಹಟ ನಿಮ್ಮದು?"

ಸಭಿಕರೇ, ಇದನ್ನು ಹೇಳಬೇಕೆಂದು ನಾನು ಇಲ್ಲಿಗೆ ಬಂದಿರಲಿಲ್ಲ. ಇದೂ ವೃತ್ತಿಯ ಮಾತೇ ಎಂದುಕೊಳ್ಳಿ. ಆ ಸಂಜೆಯಿಂದ ನನ್ನ ತಮ್ಮ ಯಾರ ಕತ್ತಿಗೂ ನೆಟಿಗೆ ತೆಗೆದಿಲ್ಲ. ಒಳ್ಳೆಯದೇ ಆಯಿತು, ನೀವೂ ಬಿಟ್ಟುಬಿಡಿ. ಆದರೆ ಅವನು ಕನ್ನಡಿಯಲ್ಲೂ ನನ್ನ ಮುಖ ನೋಡುವುದಿಲ್ಲ. ನನ್ನ ಗಡ್ಡ ತೆಗೆಯೋ ಎಂದರೆ, "ಬೇಡಣ್ಣ, ನನ್ನ ಕೈ ಸರಿಯಿಲ್ಲ" ಎಂದು ಒಳಗೆ ಹೋಗಿ ಟವೆಲ್ ಒಗೆಯುತ್ತಾನೆ. ಕತ್ತಿ ಹಿಡಿಯಲು ಕಲಿಯುವಾಗ ಅವನು ಮೊದಲು ಕೈಯಿಟ್ಟದ್ದು ನನ್ನ ಕೆನ್ನೆಯ ಮೇಲೆ. ಈಗ ಎದುರಂಗಡಿಯವರು ನನ್ನ ಗಡ್ಡ ತೆಗೆಯುತ್ತಾರೆ. ಅವರೂ ಇಲ್ಲಿದ್ದಾರೆ, ಚೆನ್ನಾಗಿಯೇ ತೆಗೆಯುತ್ತಾರೆ, ಬೇಸರ ಮಾಡಿಕೊಳ್ಳಬಾರದು.

ಕತ್ತು ಮೊದಲಿನ ಹಾಗೆ ತಿರುಗಿದರೆ ತಮ್ಮ ಮರೆತಾನು, ಬಿಗಿದ ಕತ್ತನ್ನು ದಿನವೂ ಕಂಡರೆ ಕೊರಗಿಯಾನು. ನನ್ನ ಹಟದ ಒಳಗುಟ್ಟು ಇಷ್ಟೇ. ಅವನ ಸಮಾಧಾನಕ್ಕೆಂದು ನನಗೆ ಹೊಂದದ ಬಿಲ್ಲೆಯನ್ನು ನನ್ನ ಕತ್ತಿನಲ್ಲಿ ಇಡಿಸಲು ಹೊರಟಿದ್ದೆ. ಅವನಿಂದಲೇ ಹೀಗಾಯಿತೇ ಎಂದು ಒಮ್ಮೆ ಡಾಕ್ಟರಮ್ಮನನ್ನು ಕೇಳಿಯೂ ಬಿಟ್ಟೆ. "ವರ್ಷಗಟ್ಟಲೆ ಬಗ್ಗಿ ಸವೆದದ್ದು. ನೆಟಿಗೆ ಕೊನೇ ಏಟು ಕೊಟ್ಟಿರ್ಬಹುದು, ಕೊಡದೇನೂ ಇರ್ಬಹುದು. ನನಗೆ ಗೊತ್ತಿಲ್ಲ" ಎಂದರು. ಅವರಿಗೇ ಗೊತ್ತಿಲ್ಲದ್ದನ್ನು ನೀನು ಹೇಗೆ ತೀರ್ಮಾನ ಮಾಡಿದೆಯೋ, ತಮ್ಮಾ? ಸಂಜೆಯಾದರೆ ಹೋಗಿ ಕುರ್ಚಿಯಲ್ಲಿ ಕೂರುತ್ತಿದ್ದವನು ನಾನು. ಇನ್ನೊಂದು ಸಲ ತಿರುಗಿಸು ಎನ್ನುತ್ತಿದ್ದವನೂ ನಾನೇ.

ಆದ್ದರಿಂದ ಎಲ್ಲರ ಎದುರು ಹೇಳುತ್ತಿದ್ದೇನೆ: ಬೆಸುಗೆಯನ್ನೇ ಮಾಡಿಸಿಕೊಳ್ಳುತ್ತೇನೆ. ನನ್ನ ಹೆಂಡತಿಗೂ ಇದು ಈಗಲೇ ಗೊತ್ತಾಗುತ್ತಿದೆ. ಅವಳ ಮುಖ ಹೇಗಿದೆಯೋ, ಅವಳು ಕೂತಿರುವ ಕಡೆಗೆ ನನ್ನ ಕತ್ತು ತಿರುಗುತ್ತಿಲ್ಲ.

ಇನ್ನೊಂದೇ ಮಾತು. ಈ ಶಸ್ತ್ರಚಿಕಿತ್ಸೆಗೆ ಕತ್ತನ್ನು ಮುಂದಿನಿಂದ ಕೊಯ್ಯುತ್ತಾರಂತೆ. ಗಂಟಲಿನ ಮೇಲೆ ಒಂದು ಕೂದಲೂ ಇರಕೂಡದು, ನಾವೇ ತೆಗೆಯುತ್ತೇವೆ ಎಂದರು ಆಸ್ಪತ್ರೆಯವರು. ಬೇಡ, ನಮ್ಮ ಅಂಗಡಿಯಿಂದ ಜನ ಬರುತ್ತಾರೆ ಎಂದು ಹೇಳಿ ಒಪ್ಪಿಸಿದ್ದೇನೆ. ತಮ್ಮಾ, ಆವತ್ತು ನಾನು ಈ ಪಟ್ಟಿ ಬಿಚ್ಚಿ ಕೂತಿರುತ್ತೇನೆ. ಬೇರೆ ಯಾರು ಬಂದರೂ ಗದ್ದ ಎತ್ತುವುದಿಲ್ಲ. ಕತ್ತಿ ಮಸೆದುಕೊಂಡು ಬಾ.

ಸನ್ಮಾನಿಸಿದ ಸಂಘಕ್ಕೂ, ಒಮ್ಮೆಯೂ ಕೆಮ್ಮದೆ ಕೇಳಿದ ನಿಮಗೂ ನನ್ನ ವಂದನೆಗಳು. ನಮಸ್ಕಾರ.