ಒಂದ್ಸಲ ಬರಿ, ಮರೆತುಬಿಡು

ಅಯ್ಯೋ, ನಗಬೇಡ ಕಣೇ ಪ್ರೇರಣಾ! ಸೋಮಾರಿತನ ಅಂತೆ! ಹಡಗಿನ ಏಜೆಂಟರ ಆಫೀಸಲ್ಲಿ ಸರ್ವರ್ ನೋಡ್ಕೊಳ್ಳೋದು ಅಂದ್ರೆ ಏನು ತಿಳ್ಕೊಂಡಿದೀಯ? ವೆಬ್‌ಸೈಟ್ ಬಿತ್ತು ಅಂದ್ರೆ ಬಂದರೇ ಮುಳುಗಿತೇನೋ ಅನ್ನೋ ಹಾಗೆ ಕೂಗ್ತಾರೆ. "ಉಮಾಪತಿಗಾರೂ... ಉಮಾಪತಿಗಾರೂ!" ಆಗ ಈ ಉಮಾಪತಿ ಏನ್ ಮಾಡ್ತಾನೆ? ಏನೂ ಮಾಡಲ್ಲ! ನಾನು ಬರೆದಿಟ್ಟ ಪುಟ್ಟ ಪ್ರೋಗ್ರಾಮು, ಸ್ಕ್ರಿಪ್ಟು, ಅದು ಮಾಡುತ್ತೆ. ಬಿದ್ದ ಸೈಟನ್ನ ತಾನೇ ಎತ್ತಿ ನಿಲ್ಸುತ್ತೆ. ಹಳೇ ಫೈಲು ತುಂಬಿ ಡಿಸ್ಕ್ ಕಟ್ಕೊಂಡ್ರೆ ಇನ್ನೊಂದು ಸ್ಕ್ರಿಪ್ಟ್ ಬಂದು ಗುಡಿಸಿ ಹಾಕುತ್ತೆ. ನಾನು ಕ್ಯಾಂಟೀನಲ್ಲಿ ಪೆಸರಟ್ಟು ತಿಂತಿರ್ತೀನಿ... ನೋಡು, ಮತ್ತೆ ನಗು!

ಇನ್ನೊಂದು ಸೌಟು ಪುಳಿಹೋರ ಹಾಕು. ಬೆಳಗ್ಗೆ ಸಿಂಹಾಚಲಂ ದೇವಸ್ಥಾನದ ಮೆಟ್ಲು ಹತ್ತಿದ್ದು ಇದಕ್ಕೇ ತಾನೆ! ಸಾಕು ಸಾಕು... ಆ ಗೋಂಗೂರ ಚಟ್ನಿನೂ ಇತ್ತ ತಳ್ಳು.

ನನ್ನ ಮಂತ್ರ ಒಂದೇ. ಒಂದ್ಸಲ ಬರಿ, ಮರೆತುಬಿಡು. ಇಂಥ ದಿನ, ಇಂಥ ಹೊತ್ತಿಗೆ, ಇಂಥದ್ದು ಮಾಡು ಅಂತ ಕಂಪ್ಯೂಟರಿಗೆ ಹೇಳಿಟ್ರೆ ಮುಗೀತು. ಚಂಡಮಾರುತ ಬರ್ಲಿ, ನಾನು ಸತ್ತೇ ಹೋಗ್ಲಿ... ಆಯ್ತಮ್ಮಾ, ಬಿಡ್ತು ಅಂದೆ, ಬಿಡ್ತು! ಅದರ ಪಾಡಿಗೆ ಅದು ಮಾಡ್ತಾನೇ ಇರುತ್ತೆ.

ಅದಿರ್ಲಿ. ಸಂಜೆಯೊಳಗೆ ನಿಮ್ಮ ಬ್ಯಾಂಕ್ ಮ್ಯಾನೇಜರಿಗೆ ಫೋನ್ ಮಾಡಿ ಹೇಳ್ಬೇಕಲ್ಲ, ಏನಂತೀಯ? ಪ್ರಮೋಷನ್ ತಗೊಂಡು ವಿಜಯವಾಡದಲ್ಲೇ ಇರೋದಾ, ಬೇಡ ಅಂತ ವೈಜಾಗಿಗೆ ವಾಪಸ್ ಬರೋದಾ... ಏನು? ಬರ್ತೀಯಾ? ಆಣೆ ಮಾಡು! ಅಷ್ಟು ದೊಡ್ಡ ಪೋಸ್ಟ್ ಬಿಟ್ಟು... ಯಾಕೆ? ಯಾಕೆ ಹೇಳು. ಏನಂದೆ, ಮೆಸೇಜಾ? ದಿನಾ ಮಧ್ಯಾಹ್ನ ಊಟ ಆಯ್ತಾ ಅಂತ ಕೇಳ್ತೀನಲ್ಲ, ಅದಕ್ಕಾ? ಅದೇನ್ ಮಹಾ ಮಾರಾಯ್ತಿ! ಹೆಂಡ್ತಿ ಉಂಡ್ಲಾ ಅಂತ ಗಂಡ ಕೇಳದೆ ಊರವರು ಕೇಳ್ತಾರಾ?

ಬ್ಯಾಂಕಲ್ಲೆಲ್ಲಾ ಹೇಳಿದೀಯಾ? ನನ್ನ ಅಪೆಂಡಿಕ್ಸ್ ಕೊಯ್ದ ದಿನದ್ದೂ? ನೀನು ರೈಲಲ್ಲಿ ಅಳ್ತಾ ಬರ್ತಿದ್ದಾಗ, ಆಪರೇಷನ್ ಟೇಬಲ್ ಮೇಲೆ ಮಲಗ್ಕೊಂಡೂ ನಿನ್ನ ಊಟ ಕೇಳಿದ್ದೆ ಅಂತಾನಾ? ಅಯ್ಯಯ್ಯೋ... ಅದನ್ನೆಲ್ಲ ಯಾಕೆ ಡಂಗುರ ಹೊಡೆಯೋಕೆ ಹೋದೆ... ನಾಚಿಕೆ ಆಗುತ್ತಪ್ಪ.

ನಿನ್ನ ಫೋನಾ ಅದು? ನೋಡು ಯಾರು ಅಂತ.

...ಯಾಕೆ, ನಗು ನಿಂತೇಹೋಯ್ತು? ಯಾರದು? ನನ್ನ ಮೆಸೇಜಾ! ನನ್ನ ಫೋನ್ ಅಲ್ಲಿ ಟಿವಿ ಪಕ್ಕ ಚಾರ್ಜಿಗಿದೆಯಲ್ಲೇ... ಕೊಡಿಲ್ಲಿ. "ಊಟ ಆಯ್ತಾ ಬಂಗಾರಿ? ನೀನಿಲ್ದೆ ನಂಗೆ ಅನ್ನ ಇಳೀತಿಲ್ಲ..."

ಅದು... ಅದು ನೆಟ್‌ವರ್ಕ್ ಕಣೇ! ಶುಕ್ರವಾರ ಕಳ್ಸಿದ್ದು ಈಗ ಬಂದಿದೆ. ಹೀಗಾಗುತ್ತೆ ಒಂದೊಂದ್ಸಲ. ಯಾಕ್ ಹಾಗೆ ನೋಡ್ತೀಯ? ಹಳೇ ಮೆಸೇಜೆಲ್ಲ ಯಾಕೆ ತೆಗೀತಿದೀಯ ಈಗ? ಬಿಡೇ! ಹೌದು, ಎಲ್ಲಾ ಒಂದೇ ಹೊತ್ತಿಗೆ ಬಂದಿವೆ. ಊಟದ ಹೊತ್ತು ದಿನಕ್ಕೊಂದು ಥರ ಇರುತ್ತಾ? ಶನಿವಾರ ಭಾನುವಾರ ಇಲ್ಲ, ನಿಜ. ಆಗ ನೀನು ಇಲ್ಲೇ ಇರ್ತೀಯಲ್ಲ, ಅದಕ್ಕೇ ಸೋಮವಾರದಿಂದ ಶುಕ್ರವಾರಕ್ಕೆ ಮಾತ್ರ ಹಾಕಿ... ಇವತ್ತು ಸೋಮವಾರ ನಿಮ್ಮ ಬ್ಯಾಂಕಿಗೆ ರಜ ಬರುತ್ತೆ ಅಂತ ನಾನೇನು ಕನಸು...

ಹಾಗಲ್ಲ ಪ್ರೇರಣಾ! ಮಾತೆಲ್ಲ ನಂದೇ. ಬಂಗಾರಿ ಅಂದಿದ್ದೂ ನಾನೇ. ಕೂತು, ಯೋಚ್ನೆ ಮಾಡಿ, ಈ ಕೈಯಲ್ಲೇ ಟೈಪ್ ಮಾಡಿದ್ದು... ಒಂದ್ಸಲ.

ಬೈಯೋದಾದ್ರೆ ಬೈಯಿ. ಮ್ಯಾನೇಜರಿಗೆ ಏನಂತ ಹೇಳ್ತೀಯ? ಬರ್ತೀಯ ತಾನೆ? ಎದ್ದೆ ಯಾಕೆ? ನಿನ್ನ ತಟ್ಟೆ ಯಾಕೆ ಒಳಗೆ ತಗೊಂಡು ಹೋಗ್ತಿದೀಯ... ತಡಿ. ತಡಿ, ಅದು ಒಣಗಿದ ಹಾಗೇ ಇದೆಯಲ್ಲ!

ಅಯ್ಯೋ ಪ್ರೇರಣಾ... ನೀನು ಇನ್ನೂ ಬಡಿಸ್ಕೊಂಡೇ ಇಲ್ವಾ?